ಅಪ್ಪನ ಹದಿನೇಳು ಮಾತು

ನನ್ನ ತಮ್ಮ ಶಶಿಗೆ ಸುಮ್ಮನೆ ಕೂರುವುದು ಬರುವುದಿಲ್ಲ. ಊಟಕ್ಕೆ ಕೂತರೂ ಒಂದು ಕಾಲು ಅಲ್ಲಾಡುತ್ತಲೇ ಇರುತ್ತದೆ. ಅವನ ಕೈಗೆ ಸಿಕ್ಕ ಯಾವ ವಸ್ತುವೂ ಮರುದಿನ ಇದ್ದ ಹಾಗೆ ಇರುವುದಿಲ್ಲ. ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಸೈಕಲ್ಲಿಗೆ ಎರಡು ಡೈನಮೊ ಕಟ್ಟಿ, ತುಳಿದರೆ ಉಸಿರು ಕಟ್ಟುವಷ್ಟು ಭಾರ ಮಾಡಿಟ್ಟ. ಸರಿಯಾಗಿ ಓಡುತ್ತಿದ್ದ ಗೋಡೆ ಗಡಿಯಾರವನ್ನು ಇನ್ನಷ್ಟು ಸರಿ ಮಾಡಲು ಹೋಗಿ ನಿಲ್ಲಿಸಿಯೇಬಿಟ್ಟ. "ಚೆನ್ನಾಗೇ ಇತ್ತಲ್ಲ, ಯಾಕ್ಲಾ ಬಿಚ್ದೆ?" ಎಂದು ಕೇಳಿದರೆ ಅವನದು ಒಂದೇ ಉತ್ತರ. "ಇನ್ನೂ ಚೆನ್ನಾಗಿರಬೋದಿತ್ತು ಕಣಕ್ಕ."

ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ನಾನು ಪ್ರಮೀಳಾ, ಅವನಿಗಿಂತ ಐದು ವರ್ಷ ದೊಡ್ಡವಳು. ಪಿರಿಯಾಪಟ್ಟಣದಿಂದ ಬೆಟ್ಟದಪುರದ ಕಡೆ ಹೋಗುವ ಬಸ್ಸಿನಲ್ಲಿ ಅರ್ಧ ಗಂಟೆಗೆ ಸಿಗುವ ನಮ್ಮೂರಲ್ಲೇ ಹುಟ್ಟಿ, ನಮ್ಮೂರಿಗೇ ಸೊಸೆಯಾದವಳು. ತವರು ಮನೆಗೂ ನನ್ನ ಮನೆಗೂ ನಡುವೆ ಎರಡು ಬೀದಿ. ಹಾಗಾಗಿ ತಮ್ಮನ ಒಂದು ಕಿತಾಪತಿಯೂ ನನ್ನ ಕಣ್ಣು ತಪ್ಪಿಸಿ ನಡೆದಿಲ್ಲ.

ನಮ್ಮಪ್ಪ ಚಿಕ್ಕಬೀರಯ್ಯ ಅವನಿಗೆ ತೀರಾ ತದ್ವಿರುದ್ಧ. ಒಂದು ಕಡೆ ಕೂತರೆ ಕೂತರು. ಹೊಗೆಸೊಪ್ಪು ಹದ ಮಾಡುವುದರಲ್ಲಿ ಸುತ್ತಲ ಹತ್ತು ಹಳ್ಳಿಗೆ ಅವರ ಹೆಸರು ಗೊತ್ತಿತ್ತು. ಎಲೆಗಳನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಒಟ್ಟುತ್ತಾರೆ. ಒಳಗೆ ನೆಲದುದ್ದಕ್ಕೂ ಹಾದುಹೋಗುವ ಕಬ್ಬಿಣದ ಕೊಳವೆಗಳ ಕಾವಿಗೆ ಎಲೆ ಐದಾರು ದಿನದಲ್ಲಿ ಹಳದಿಯಾಗಿ ಒಣಗಬೇಕು. ಉಳಿದವರೆಲ್ಲ ಗೋಡೆಯ ಥರ್ಮಾಮೀಟರ್ ನೋಡಿದರೆ ಅಪ್ಪ ಜಗಲಿಯಲ್ಲಿ ಕೂತೇ ವಾಸನೆ ಹಿಡಿದು, "ಉರಿ ಕಮ್ಮಿ ಮಾಡು" ಎಂದು ಕೂಗುತ್ತಿದ್ದರು. ಆ ಮಾತು ಎಂದೂ ತಪ್ಪಾಗಿದ್ದು ನಾನು ಕಾಣೆ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಮಾತು ಪೂರ್ತಿ ಹೋಯಿತು. ತಲೆ ಮಾತ್ರ ಮೊದಲಿನ ಹಾಗೇ ಇತ್ತು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಹೇಳಬೇಕಾದದ್ದು ಮಾತ್ರ ಹೊರಗೆ ಬರುತ್ತಿರಲಿಲ್ಲ. ನೀರು ಬೇಕೆಂದು ಎಡಗೈ ಎತ್ತಿದರೆ ಅವ್ವ ಹೊದಿಕೆ ತಂದು ಹೊದಿಸುತ್ತಿದ್ದಳು. ಒಂದು ದಿನ ಹಾಗೆ ಹೊದಿಕೆಯೊಳಗೆ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ.

ಶಶಿ ಆಗ ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಟಿವಿ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಕೊಡಗಿನ ತೋಟದವರೊಬ್ಬರಿಂದ ಒಂದು ಹಳೇ ಲ್ಯಾಪ್‌ಟಾಪ್ ತಂದಿದ್ದ. ತಂದದ್ದು ಒಂದು, ಆದದ್ದು ಇನ್ನೊಂದು. ನಿಧಾನವೆಂದು ಅದರ ಹೊಟ್ಟೆ ಬಿಚ್ಚಿ ರ‍್ಯಾಮ್ ಏರಿಸಿದ. ಜಾಗ ಸಾಲದೆಂದು ಬೇರೆ ಹಾರ್ಡ್ ಡಿಸ್ಕ್ ಕೂರಿಸಿದ. ಯುಎಸ್‌ಬಿ ತೂತು ಒಂದೇ ಇದೆಯೆಂದು ಪಕ್ಕದಲ್ಲಿ ಒಂದು ಕಾರ್ಡ್ ತುರುಕಿ ಅದನ್ನು ಐದು ಮಾಡಿದ. ಬಿಸಿಯಾಗುತ್ತದೆಂದು ಕೆಳಗೆ ಫ್ಯಾನು, ಸದ್ದು ಕಮ್ಮಿಯೆಂದು ಆಚೀಚೆ ಸ್ಪೀಕರು, ಬ್ಯಾಟರಿ ಸತ್ತಿದೆಯೆಂದು ಹಿಂದೊಂದು ಯುಪಿಎಸ್ಸು. ಮಡಿಲಲ್ಲಿ ಇಟ್ಟುಕೊಳ್ಳುವ ಯಂತ್ರವಂತೆ. ಕೊನೆಗೆ ಅದನ್ನು ಎತ್ತಿಡಲು ಇಬ್ಬರು ಬೇಕಾಯಿತು. ಒಳಗಿನ ಸೆಟ್ಟಿಂಗುಗಳಂತೂ ವಾರಕ್ಕೆರಡು ಸಲ ಬದಲು. ನೆನ್ನೆ ಎಡಗಡೆ ಇದ್ದದ್ದು ಇವತ್ತು ಬಲಗಡೆ ಇರುತ್ತಿತ್ತು.

ಆದರೆ ನಾನು ಅವನನ್ನು ಬೈಯುವಷ್ಟೇ ನ್ಯಾಯವಾಗಿ ಇದನ್ನೂ ಹೇಳಬೇಕು. ಅಪ್ಪನನ್ನು ಬಿಟ್ಟುಕೊಡದವನು ಅವನೊಬ್ಬನೇ. ನಾವೆಲ್ಲ ಹಣೆಬರಹವೆಂದು ಕೈಚೆಲ್ಲಿ ಕೂತಿದ್ದಾಗ ಅವನು ಮೈಸೂರಿನಿಂದ ಅಂಗೈಯಗಲದ ಒಂದು ಪುಟ್ಟ ಕೀಲಿಮಣೆ ತಂದ. ಅಂಕಿಗಳಷ್ಟೇ ಇರುವ, ಬ್ಯಾಂಕಿನವರು ಟಕಟಕ ಒತ್ತುವಂಥದ್ದು. ಹದಿನೇಳು ಗುಂಡಿ. ಲ್ಯಾಪ್‌ಟಾಪನ್ನು ಅಪ್ಪನ ಹಾಸಿಗೆಯ ಪಕ್ಕಕ್ಕೆ ತಂದು, ಕೀಲಿಮಣೆಯನ್ನು ಅದಕ್ಕೆ ಸಿಕ್ಕಿಸಿ, ಒಂದೊಂದು ಗುಂಡಿ ಒತ್ತಿದರೆ ಒಂದೊಂದು ಮಾತು ಸ್ಪೀಕರಿನಲ್ಲಿ ಬರುವ ಹಾಗೆ ಮಾಡಿದ. ಗುಂಡಿಯ ಮೇಲೆ ಚಿತ್ರದ ಚೀಟಿ ಅಂಟಿಸಿದ: ಚೊಂಬು, ಲೋಟ, ಕಾಲು, ಹೊದಿಕೆ. ಒಂದರ ಮೇಲೆ ಬ್ಯಾರನ್ನಿನ ಚಿತ್ರ.

ಮೊದಲು ಆ ಮಾತುಗಳನ್ನು ತನ್ನ ದನಿಯಲ್ಲೇ ಹೇಳಿ ರೆಕಾರ್ಡ್ ಮಾಡಿದ್ದ. ಅಪ್ಪ ಗುಂಡಿ ಒತ್ತಿದರು, "ಕಾಪಿ ಬೇಕು" ಎಂದಿತು. ಅವ್ವ ಚಾಮುಂಡಮ್ಮ ಅಡುಗೆಮನೆಯಿಂದ, "ಕೈ ಕಾಲು ನೆಟ್ಟಗವೆ ತಾನೆ, ಬಂದು ಬಗ್ಗಿಸ್ಕೊಂಡು ಕುಡಿಲಾ" ಎಂದಳು. ಮಗನೇ ಕೇಳಿದನೆಂದುಕೊಂಡಿದ್ದಳು. ಆಮೇಲೆ ನನ್ನನ್ನು ಕರೆಸಿ, ಹದಿನೇಳು ಮಾತು ಬರೆದ ಹಾಳೆ ಕೈಗೆ ಕೊಟ್ಟು ಓದಿಸಿದ. ಏನು ಓದಿದರೂ ಬರೆದರೂ ಬಾಯಲ್ಲಿ ಗೊಣಗುವ ಅಭ್ಯಾಸ ನನಗೆ ಶಾಲೆಯಿಂದಲೂ ಇದೆ. ಗೊಣಗಿ ಗೊಣಗಿ ಅಭ್ಯಾಸ ಮಾಡಿ ಆಮೇಲೆ ಜೋರಾಗಿ ಹೇಳಿದೆ.

"ಮೆತ್ತಗೆ ಮಾತಾಡಕ್ಕ, ಜಗಳಕ್ಕೆ ಬಂದಂಗೈತೆ" ಎಂದ ಶಶಿ.

"ಅಪ್ಪ ಯಾವತ್ಲಾ ಮೆತ್ತಗೆ ಕೇಳಿದ್ರು?" ಎಂದೆ. ಅಪ್ಪನ ಎಡತುಟಿ ನಕ್ಕಿತು. ನಾಲ್ಕು ತಿಂಗಳಲ್ಲಿ ಅದೇ ಮೊದಲು.

ಹೀಗೆ ಅಪ್ಪ ನನ್ನ ದನಿಯಲ್ಲಿ ಮಾತಾಡತೊಡಗಿದರು. ಚೀಟಿ ನೋಡುವುದನ್ನೂ ಬಿಟ್ಟು, ಎಡಗೈ ಬೆರಳಿನಲ್ಲಿ ತಡವಿಯೇ ಗುಂಡಿ ಹುಡುಕುವುದನ್ನು ಕಲಿತರು. "ಕಾಲು ನೋಯ್ತದೆ." "ಶಶಿ, ಬಾ ಇಲ್ಲಿ." "ಬ್ಯಾರನ್ ನೋಡು." ಬ್ಯಾರನ್ನಿನ ಉರಿ ನೋಡಿಕೊಳ್ಳಲು ನಿಲ್ಲಿಸಿದ್ದ ಕುಳ್ಳಯ್ಯ, ಅಪ್ಪನ ಹಳೇ ಜೊತೆಗಾರ, ಆ ಮಾತು ಕೇಳಿದ ತಕ್ಷಣ ಓಡುತ್ತಿದ್ದ. ಮೊದಲ ವರ್ಷದ ಸೊಪ್ಪು ಅಪ್ಪ ನಡೆದಾಡುತ್ತಿದ್ದಾಗ ಬಂದಷ್ಟೇ ಚೆನ್ನಾಗಿ ಬಂತು.

ಇಲ್ಲಿಗೆ ಬಿಟ್ಟಿದ್ದರೆ ಶಶಿ ಶಶಿಯಾಗುತ್ತಿರಲಿಲ್ಲ. ಗುಂಡಿಗಳ ಜಾಗ ಬದಲಿಸಲು ಶುರುಮಾಡಿದ. ಹೆಚ್ಚು ಬೇಕಾದ್ದು ಹೆಬ್ಬೆರಳ ಹತ್ತಿರ ಇರಬೇಕಂತೆ. ಒಂದು ವಾರ ನೀರು ಮೇಲೆ, ಮುಂದಿನ ವಾರ ಕೆಳಗೆ. ಅಪ್ಪ ತಡವಿ ಒತ್ತುವರು, ಬೇರೆ ಮಾತು ಬರುವುದು, ಮುಖ ಕಿವುಚುವರು, ಮತ್ತೆ ಮೊದಲಿಂದ ಕಲಿಯುವರು. ನಾನು ಎರಡು ಸಲ ಬೈದೆ. "ಬುಡಕ್ಕ, ಇನ್ನೊಂದೇ ಸಲ" ಎಂದ. ಅವನ ಕಾಲು ಅಲ್ಲಾಡುತ್ತಲೇ ಇತ್ತು.

ಎರಡು ಸಾವಿರದ ಐದರ ಸೆಪ್ಟೆಂಬರ್. ಬ್ಯಾರನ್ನಿನಲ್ಲಿ ಮೂರನೇ ಸಲದ ಸೊಪ್ಪು, ಎಲೆ ಒಣಗಿ ದಂಟು ಮಾತ್ರ ಒಣಗಬೇಕಾಗಿದ್ದ ದಿನ. ಉರಿ ಜಾಸ್ತಿ ಇರುವುದು ಆಗಲೇ. ಅವತ್ತು ಬೆಳಿಗ್ಗೆ ಶಶಿ ಬಸ್ಸಿಗೆ ಹೊರಡುವ ಮೊದಲು ಒಂದಿಷ್ಟು ಸೆಟ್ಟಿಂಗ್ ಬದಲಿಸಿದ. ಬ್ಯಾರನ್ನಿನ ಗುಂಡಿಗೆ ಕೆಲಸ ಕಮ್ಮಿ, ಕಾಪಿಗೆ ಜಾಸ್ತಿಯೆಂದು ಅವೆರಡನ್ನೂ ಅದಲುಬದಲು ಮಾಡಿದ. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. "ಚೀಟಿ ಸಂಜೆ ಬಂದು ಅಂಟಿಸ್ತೀನಿ" ಎಂದು ಅವ್ವನಿಗೆ ಹೇಳಿ ಓಡಿದ. ಅವ್ವ ಹೂಂ ಎಂದಳು. ಏನು ಚೀಟಿ, ಯಾಕೆ ಚೀಟಿ, ಅವಳಿಗೆ ಏನು ಗೊತ್ತು?

ಮಧ್ಯಾಹ್ನ ಕುಳ್ಳಯ್ಯ ಒಲೆಗೆ ಸೌದೆ ತುಂಬಿ ಉಣ್ಣಲು ಮನೆಗೆ ಹೋಗಿದ್ದ. ನಾನು ಮೊಸರಿಗೆಂದು ತವರಿಗೆ ಬಂದೆ. ಹೊಸಲು ದಾಟುವ ಮುಂಚೆಯೇ ನನ್ನ ದನಿ ನನಗೇ ಕೇಳಿಸಿತು. "ಕಾಪಿ ಬೇಕು." ಅವ್ವ ಲೋಟ ಹಿಡಿದು ನಿಂತಿದ್ದಳು. ಅಪ್ಪ ಲೋಟ ತಳ್ಳಿ ಮತ್ತೆ ಒತ್ತಿದರು. "ಕಾಪಿ ಬೇಕು."

"ಕೊಟ್ರೆ ಬ್ಯಾಡ ಅಂತಾರೆ, ಬೇಕು ಅಂತಲೂ ಅಂತಾರೆ" ಎಂದಳು ಅವ್ವ. "ಸಕ್ಕರೆ ಕಮ್ಮಿ ಆಯ್ತೇನೋ ಕಾಣೆ."

"ಇನ್ನೊಂದು ಚಮಚ ಹಾಕವ್ವ" ಎಂದು ನಾನು ನಕ್ಕೆ. ಹೌದು, ನಕ್ಕೆ. ಅವತ್ತಿನದು ನೆನೆದರೆ ಶಶಿಗಿಂತ ಮೊದಲು ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಅಪ್ಪ ಒಂದೇ ಸಮನೆ ಒತ್ತಿದರು. ಕಾಪಿ ಬೇಕು, ಕಾಪಿ ಬೇಕು, ಕಾಪಿ ಬೇಕು. ಕೊನೆಗೆ ಅವ್ವನ ಕೈಯಿಂದ ಲೋಟ ಕಿತ್ತು ಹಿತ್ತಲ ಬಾಗಿಲ ಕಡೆ ಬೀಸಿ ಎಸೆದರು. ಅದು ಬಿದ್ದ ಕಡೆ ತಿರುಗಿದಾಗ ನನಗೂ ವಾಸನೆ ಬಡಿಯಿತು. ಒಣಗಿದ ಎಲೆ ಕಾದ ಕೊಳವೆಯ ಮೇಲೆ ಉದುರಿ ಹೊತ್ತಿಕೊಂಡ ವಾಸನೆ. ನಾವು ಹಿತ್ತಲಿಗೆ ಓಡುವ ಹೊತ್ತಿಗೆ ಬ್ಯಾರನ್ನಿನ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಊರೆಲ್ಲ ಬಿಂದಿಗೆ ಹಿಡಿದು ಬಂದರೂ ಒಂದು ಕಡ್ಡಿಯ ಸೊಪ್ಪೂ ಉಳಿಯಲಿಲ್ಲ. ಸದ್ಯ, ಯಾರಿಗೂ ಏನೂ ಆಗಲಿಲ್ಲ.

ಸೊಪ್ಪು ಹೋದದ್ದು ಹೋಯಿತು. ಮುಂದಿನ ವರ್ಷ ಮತ್ತೆ ಬೆಳೆಯುತ್ತದೆ. ಆದರೆ ಆ ದಿನದಿಂದ ಅಪ್ಪ ಕೀಲಿಮಣೆ ಮುಟ್ಟಲಿಲ್ಲ. ಮುಂದಿಟ್ಟರೆ ಗೋಡೆಯ ಕಡೆ ಮುಖ ತಿರುಗಿಸುವರು. ಬಾಯಾರಿದರೂ ಸುಮ್ಮನೆ ಇರುವರು. ಆ ಮೌನ ಮೊದಲ ನಾಲ್ಕು ತಿಂಗಳಿಗಿಂತ ಕೆಟ್ಟದಾಗಿತ್ತು. ಆಗ ಹೇಳಲಾಗದೆ ಸುಮ್ಮನಿದ್ದರು, ಈಗ ಹೇಳಿ ಪ್ರಯೋಜನವಿಲ್ಲವೆಂದು ಸುಮ್ಮನಿದ್ದರು.

ಶಶಿ ಅಂಗಡಿಗೆ ಬೀಗ ಹಾಕಿ ಮನೆಯಲ್ಲೇ ನಿಂತ. ನಿಂತ ಎನ್ನುವುದು ತಪ್ಪು. ಹಜಾರದಿಂದ ಹಿತ್ತಲಿಗೆ, ಹಿತ್ತಲಿಂದ ಹಜಾರಕ್ಕೆ ಸುತ್ತಿದ. ದೊಡ್ಡ ಗುಂಡಿಯ ಬೇರೆ ಮಣೆ ತಂದ. ಒತ್ತಿದರೆ ಬೆಳಗುವ ದೀಪ ಹಾಕಿದ. ತೆರೆಯ ಮೇಲೆ ಚಿತ್ರ ದೊಡ್ಡದು ಮಾಡಿದ. ಒಂಬತ್ತು ದಿನ ಒಂಬತ್ತು ಬಗೆ. ಅಪ್ಪ ತಿರುಗಿ ನೋಡಲಿಲ್ಲ.

ಹತ್ತನೇ ದಿನ ನನಗೆ ತಡೆಯಲಾಗಲಿಲ್ಲ. "ಏನೂ ಸೇರಿಸ್ಬೇಡ ಕಣ್ಲಾ. ತೆಗಿ. ಮೊದಲ್ನೇ ದಿನ ಎಂಗಿತ್ತೋ ಅಂಗೇ ಇಡು" ಎಂದೆ.

ಅವನು ನೆಲ ನೋಡಿದ. "ಎಂಗಿತ್ತು ಅಂತ ಗ್ಯಾಪ್ಕ ಇಲ್ಲ ಕಣಕ್ಕ. ಬರೆದಿಟ್ಕೊಂಡಿಲ್ಲ."

ಅಷ್ಟು ಸಲ ಬದಲಿಸಿದವನಿಗೆ ಮೊದಲಿನದು ಯಾವುದೆಂದೇ ತಿಳಿಯದು. ನಾನು ಬಾಯಿಗೆ ಬಂದಂತೆ ಬೈದೆ. ಅವನು ಹಳೇ ಪುಟ್ಟ ಮಣೆಯನ್ನು ತಂದು, ಚೀಟಿಗಳನ್ನೆಲ್ಲ ಕಿತ್ತು, ಬೋಳು ಮಣೆಯನ್ನು ಅಪ್ಪನ ಹಾಸಿಗೆಯ ಮೇಲಿಟ್ಟು ಪಕ್ಕದಲ್ಲಿ ಕೂತ. "ಅಪ್ಪ, ನೀರು ಎಲ್ಲಿತ್ತು?"

ಅಪ್ಪನ ಮುಖ ಗೋಡೆಯಿಂದ ಇತ್ತ ತಿರುಗಿತು. ಎಡಗೈ ಎದ್ದು ಬಂದು, ಕೆಳಸಾಲಿನ ಒಂದು ಗುಂಡಿಯ ಮೇಲೆ ಕೂತಿತು. ಶಶಿ ಅಲ್ಲಿ ಚೊಂಬಿನ ಚೀಟಿ ಅಂಟಿಸಿದ. "ಕಾಲು ನೋವು?" ಬೆರಳು ಸರಿಯಿತು. ಹದಿನೇಳಕ್ಕೆ ಹದಿನೇಳೂ ಅಪ್ಪನಿಗೆ ನೆನಪಿತ್ತು. ಕೊನೆಗೆ ಬ್ಯಾರನ್ನಿನ ಗುಂಡಿಯ ಮೇಲೆ ಬೆರಳಿಟ್ಟು ಮಗನ ಮುಖವನ್ನೇ ನೋಡಿದರು. ಶಶಿ ಚೀಟಿ ಅಂಟಿಸುತ್ತ ಅತ್ತ. ಅವನು ಅಳುವುದನ್ನು ನಾನು ನೋಡಿದ್ದು ಅವನ ಆರನೇ ವಯಸ್ಸಿನ ನಂತರ ಅದೇ ಮೊದಲು.

ಎಲ್ಲ ಸರಿಮಾಡಿದ ಮೇಲೆ ನನ್ನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದ. "ಇದಕ್ಕೊಂದು ಪಾಸ್‌ವರ್ಡ್ ಆಕು. ಅದಿಲ್ದೆ ಇನ್ಮೇಲೆ ಯಾವ ಸೆಟ್ಟಿಂಗೂ ಬದಲಿಸಕ್ಕಾಗಲ್ಲ. ನಂಗೆ ಏಳ್ಬೇಡ. ನಾನು ಕಾಲಿಗೆ ಬಿದ್ದು ಕೇಳಿದ್ರೂ ಏಳ್ಬೇಡ" ಎಂದು ಹೇಳಿ ಗೋಡೆಯ ಕಡೆ ತಿರುಗಿ ನಿಂತ. ನಾನು ಒಂದೇ ಬೆರಳಲ್ಲಿ, ಇಂಗ್ಲಿಷಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.

ಆಮೇಲೆ ನಾಲ್ಕು ವರ್ಷ ಅದು ಹಾಗೇ ನಡೆಯಿತು. ಅಪ್ಪ ಮತ್ತೆ ಮಾತಾಡಿದರು. ಬ್ಯಾರನ್ ಮತ್ತೆ ಕಟ್ಟಿದೆವು, "ಬ್ಯಾರನ್ ನೋಡು" ಎಂದಾಗಲೆಲ್ಲ ಮನೆಯ ಮಂದಿಯೆಲ್ಲ ಓಡಿದರು. ಶಶಿ ಮಾತ್ರ ಆಗಾಗ ನನ್ನ ಮನೆಗೆ ಬರುತ್ತಿದ್ದ. ಅಂಗಳದಲ್ಲಿ ಎರಡು ಸುತ್ತು ಹಾಕಿ, "ಅಕ್ಕ, ಸೌಂಡ್ ವಸಿ ಸರಿ ಮಾಡ್ಬೇಕಿತ್ತು. ಪಾಸ್‌ವರ್ಡ್ ಏನು ಅಂತ ಏಳು, ಎರಡೇ ನಿಮಿಷ" ಎನ್ನುವನು. "ಇಲ್ಲ ಕಣ್ಲಾ, ಓಗು" ಎನ್ನುವೆನು. ಇನ್ನೊಂದು ಸುತ್ತು ಹಾಕಿ ಹೊರಟುಹೋಗುವನು. ತಮ್ಮನ ಮೂಗುದಾರ ನನ್ನ ಕೈಯಲ್ಲಿದೆಯೆಂದು ನಾನು ಊರೆಲ್ಲ ಹೇಳಿಕೊಂಡು ಮೆರೆದೆ.

ಎರಡು ಸಾವಿರದ ಒಂಬತ್ತರಲ್ಲಿ ಅಪ್ಪ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಶಶಿ ಆ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಚೀಟಿಗಳೆಲ್ಲ ಸವೆದು ಬೆಳ್ಳಗಾಗಿದ್ದವು. ನಾನು ಹತ್ತಿರ ಹೋಗಿ, "ಈಗ ಬೇಕಾದ್ರೆ ಏನಾದ್ರೂ ಮಾಡ್ಕೊ. ಪಾಸ್‌ವರ್ಡ್ ಏಳ್ತೀನಿ" ಎಂದೆ.

"ಅಪ್ಪನ ಹೆಸರು ತಾನೆ" ಎಂದ.

"ಯಾವಾಗ ಗೊತ್ತಾಯ್ತು?"

"ಅವತ್ತೇ. ನೀನು ಒಂದೊಂದು ಅಕ್ಷರನೂ ಬಾಯಲ್ಲಿ ಗೊಣಗ್ಕೊಂಡು ಒತ್ತಿದ್ಯಲ್ಲ."

"ಮತ್ತೆ ನಾಲ್ಕು ವರ್ಸ ಬಂದು ಬಂದು ಕೇಳ್ತಿದ್ಯಲ್ಲ?"

ಅವನು ಬ್ಯಾರನ್ನಿನ ಗುಂಡಿಯನ್ನು ಹೆಬ್ಬೆರಳಲ್ಲಿ ಸವರಿದ, ಒತ್ತಲಿಲ್ಲ. "ಕೈ ಸುಮ್ಕಿರ್ತಿರಲಿಲ್ಲ ಕಣಕ್ಕ. ಈಗ ಬದಲಿಸೇಬುಡ್ತೀನಿ ಅನ್ನಿಸ್ದಾಗೆಲ್ಲ ನಿನ್ ಮನೆಗೆ ಬತ್ತಿದ್ದೆ. ನೀನು ಇಲ್ಲ ಅಂದ್ರೆ ಆಮ್ಯಾಕೆ ಎಂಟು ದಿನ ತಡೀತಿತ್ತು."

ನಾನು ಅವನ ಪಕ್ಕದಲ್ಲಿ ಕೂತೆ. ಅವನ ಕಾಲು ಅಲ್ಲಾಡುತ್ತಲೇ ಇತ್ತು. ಅವತ್ತು ಮಾತ್ರ ನಾನು ಅದನ್ನು ನಿಲ್ಲಿಸು ಎನ್ನಲಿಲ್ಲ.