ರಾಣಿ ಸತ್ತ ಸುದ್ದಿ

ಕಳೆದ ವಾರ ಮರಳೂರಿನ ಗುಜರಿ ಅಂಗಡಿಯ ಮುಂದೆ, ಬಟ್ಟೆ ಅಂಟಿಸಿದ ಹಳೆಯ ಭೂಪಟವೊಂದು ಸುರುಳಿಯಾಗಿ ಬಿದ್ದಿತ್ತು. ಬಿಚ್ಚಿದೆ. ಇಂಗ್ಲೆಂಡ್, ಪಕ್ಕದಲ್ಲಿ ಐರ್ಲೆಂಡ್. ವಾರ್ನಿಷ್ ಜೊತೆ ಸೇರಿದ ಸೀಮೆಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿಸ್ಟ್ರಿ ಮೇಡಂ ಕಣ್ಣ ಮುಂದೆ ನಿಂತರು.

ತುಮಕೂರಿನ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ನಾನು ಆಗ ಟೆಂಪರರಿ ಟೈಪಿಸ್ಟ್. ಮೇಡಂ ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಧ್ಯಾಹ್ನ ಒಟ್ಟಿಗೇ ಊಟ. ಬೆಳಿಗ್ಗೆ ಮಾಡಿದ ಪಾಠವನ್ನು ನನಗೂ ಒಮ್ಮೆ ಹೇಳದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ದಿನ ಐರ್ಲೆಂಡಿನ ಕಥೆ. ಅಲ್ಲಿನ ಉತ್ತರ ಸೀಮೆಯ ಪಾಳೆಯಗಾರನೊಬ್ಬ ಇಂಗ್ಲೆಂಡಿನ ರಾಣಿಗೆ ತಿರುಗಿಬಿದ್ದು ಒಂಬತ್ತು ವರ್ಷ ಕಾದಾಡಿದ. ರಾಣಿಯ ಸೈನ್ಯ ಪೈರಿಗೆಲ್ಲ ಬೆಂಕಿಯಿಟ್ಟಿತು. ಜನ ಹಸಿದು ದಾರಿಯಲ್ಲೇ ಸತ್ತರು. ಕೊನೆಗೆ ಅವನು ರಾಣಿಯ ಅಧಿಕಾರಿಯೆದುರು ಮಂಡಿಯೂರಿ ಶರಣಾದ.

"ಅಷ್ಟೊತ್ತಿಗೆ ರಾಣಿ ಸತ್ತು ಆರು ದಿನ ಆಗಿತ್ತು ಕಣೇ," ಎಂದರು ಮೇಡಂ. "ಆ ಅಧಿಕಾರಿಗೆ ಗೊತ್ತಿತ್ತು, ಹೇಳ್ಲಿಲ್ಲ. ಆಮೇಲೆ ಗೊತ್ತಾಗಿ ಈ ಮನುಷ್ಯ ಎಲ್ಲರ ಮುಂದೇನೇ ಅತ್ಬಿಟ್ನಂತೆ."

ಮರುವರ್ಷ ಹಿಸ್ಟ್ರಿಗೆ ಮಕ್ಕಳು ಬರುತ್ತಿಲ್ಲವೆಂದು ವಿಭಾಗವನ್ನೇ ಮುಚ್ಚುವ ಮಾತು ಬಂತು. ಮೇಡಂ ಇದ್ದಷ್ಟು ಮಕ್ಕಳನ್ನು ಕಟ್ಟಿಕೊಂಡು ಗೇಟಿನ ಮುಂದೆ ಕೂತರು. ಮೀಟಿಂಗಿನಲ್ಲಿ ಆಡಳಿತ ಮಂಡಳಿಯ ಸೆಕ್ರೆಟರಿಗೆ ಮುಖಕ್ಕೆ ಹೊಡೆದಂತೆ ಮಾತಾಡಿದರು. ಕ್ಷಮೆ ಕೇಳಿ ಬರೆದುಕೊಟ್ಟರೆ ಯೋಚಿಸುತ್ತೇವೆ ಎಂಬ ಉತ್ತರ ಬಂತು. ಎರಡು ತಿಂಗಳು ಮೇಡಂ ಬಗ್ಗಲಿಲ್ಲ.

ಒಂದು ಶುಕ್ರವಾರ ನಮ್ಮ ಸೂಪರಿಂಟೆಂಡೆಂಟ್ ನನ್ನಿಂದ ಒಂದು ಆರ್ಡರ್ ಟೈಪ್ ಮಾಡಿಸಿದರು. ವಿಭಾಗ ರದ್ದು. ಮೇಡಂ ಕೆಲಸವೂ ಮುಗಿಯಿತು. ನನ್ನ ಕೈ ನಿಂತದ್ದು ನೋಡಿ ಅವರು ಹೇಳಿದರು: "ಇದು ಯಾವಾಗ್ಲೋ ತೀರ್ಮಾನ ಆಗಿರೋದಮ್ಮ. ಕ್ಷಮಾಪಣೆ ಗಿಮಾಪಣೆ ಎಲ್ಲ ಸುಮ್ನೆ. ಸೋಮವಾರದವರ್ಗೂ ಬಾಯಿ ಬಿಟ್ಟೀಯ, ನಿನ್ ಕೆಲ್ಸಾನೂ ಹೋಗುತ್ತೆ."

ಶನಿವಾರ ಬೆಳಿಗ್ಗೆ ಮೇಡಂ ನನ್ನ ಮೇಜಿನ ಬಳಿ ಬಂದರು. ಕೈಯಲ್ಲಿ ಮಡಚಿದ ಹಾಳೆ.

"ಬರೆದ್ಬಿಟ್ಟೆ ಕಣೇ. ನಾನೊಬ್ಳು ತಲೆ ತಗ್ಗಿಸಿದ್ರೆ ಪಾಠ ಉಳಿಯುತ್ತಲ್ಲ... ಓದು, ಸರಿ ಇದ್ಯಾ?"

ಓದಿದೆ. ಆ ವಯಸ್ಸಿನ ಹೆಂಗಸು ಯಾರಿಗೂ ಬರೆಯಬಾರದಂಥ ದೈನ್ಯದ ಮಾತುಗಳಿದ್ದವು ಅದರಲ್ಲಿ.

"ಸರಿ ಇದೆ ಮೇಡಂ," ಎಂದೆ.

ಅವರು ಒಳಗೆ ಹೋದರು. ಅರೆ ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಕೈಮುಗಿದುಕೊಂಡು ನಿಂತೇ ಇದ್ದರು. ಸೆಕ್ರೆಟರಿ ಹಾಳೆ ಇಸಿದುಕೊಂಡರು, ಕೂರಿ ಎನ್ನಲಿಲ್ಲ. ಸೋಮವಾರ ಆರ್ಡರ್ ಕೈಗೆ ಬಂದಾಗ ಮೇಡಂ ಅಳಲಿಲ್ಲ, ಕೂಗಾಡಲಿಲ್ಲ. ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದರು.

ಎಷ್ಟೋ ವರ್ಷಗಳ ಮೇಲೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ತುಂಬಾ ಇಳಿದುಹೋಗಿದ್ದರು. ನನ್ನ ಕೈ ಹಿಡಿದುಕೊಂಡು, "ಆ ಲೆಟರ್ ಮೊದ್ಲೇ ಕೊಟ್ಟಿದ್ರೆ ಉಳಿತಿತ್ತು. ನನ್ ಹಠದಿಂದ್ಲೇ ಎಲ್ಲ ಹಾಳಾಯ್ತು ಕಣೇ," ಎಂದರು.

ಆಗಲಾದರೂ ಹೇಳಬಹುದಿತ್ತು. ಕೆಲಸ ಹೋಗುವ ಭಯವೂ ಉಳಿದಿರಲಿಲ್ಲ. ಆದರೆ ಹೇಳಿದರೆ ನನ್ನ ಕೈ ಬಿಟ್ಟುಬಿಡುತ್ತಾರೆ ಅನ್ನಿಸಿತು... ಬಸ್ ಬಂತು, ಹತ್ತಿದೆ.

ಮೇಡಂ ತೀರಿಕೊಂಡು ಎರಡು ವರ್ಷವಾಯಿತು. ತಪ್ಪು ಅವರದಲ್ಲ ಎಂದು ಹೇಳಬಹುದಾಗಿದ್ದವಳು ನಾನೊಬ್ಬಳೇ. ಈಗ ಇಲ್ಲಿ ಬರೆದಿದ್ದೇನೆ. ಓದಬೇಕಾದವರು ಇಲ್ಲ.