ಚಿಗವ್ವನ ಹವಾಯಿ ಅಂಗಿ

ಅಂಗಿಯ ಮೇಲಿದ್ದದ್ದು ತೆಂಗಿನ ಮರವೋ ಈಚಲೋ, ಈಗ ಖಾತ್ರಿಯಿಲ್ಲ. ಮಂಜಿನಲ್ಲಿ ಕಂಡದ್ದಕ್ಕೆ ನಾನೇ ಒಂದಿಷ್ಟು ಬಣ್ಣ ಸೇರಿಸಿರಬಹುದು. ಆದರೆ ದೊಡ್ಡ ಕೆಂಪು ದಾಸವಾಳಗಳು ಇದ್ದದ್ದು ನಿಜ.

ದುಂಡಸಿಯಲ್ಲಿ ಶಿಗ್ಗಾಂವಿಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲೇ ಹತ್ತಿ ಬಿಡಿಸಲು ಹೊರಟ ಹೆಂಗಸರು ತುಂಬಿದ್ದ ಟಂಟಂ ಆಟೋ ನಿಂತಿತ್ತು. ಕೈ ತರಚದಿರಲೆಂದು ಎಲ್ಲರೂ ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ ತೊಟ್ಟಿದ್ದರು. ನನ್ನ ಚಿಗವ್ವ ಮಾತ್ರ ಬೂದು ಸೀರೆಯ ಮೇಲೆ ಸಡಿಲವಾದ ಹವಾಯಿ ಅಂಗಿ ಹಾಕಿಕೊಂಡು, ಸಮುದ್ರದ ದಂಡೆಗೆ ಹೊರಟವಳಂತೆ ಕೂತಿದ್ದಳು.

“ನಿಮ್ಮ ಮನ್ಯಾಗ ಗಂಡಸರು ಇಲ್ಲ, ಇದ್ಯಾರ ಅಂಗಿಬೇ?” ಎಂದಳು ಪಕ್ಕದವಳು.

“ನಂದು. ಸವಣೂರ ಸಂತ್ಯಾಗ ನಾನ ಆರಿಸಿ ತಗೊಂಡೇನಿ.”

“ಅರ್ಧ ತೋಳು! ಕೈ ತರಚಂಗಿಲ್ಲೇನು?”

“ಹೊಲದಾಗ ಹಾಕ್ಕೊಳ್ಳಾಕ ಚೀಲದಾಗ ಬ್ಯಾರೆ ಐತಿ. ಇದು ಗಾಳಿಗೆ.”

“ಹಂಗಾರ ಮುಂದಿನ ಸಂತಿಗೆ ನನ್ನೂ ಕರಕೊಂಡು ಹೋಗವಾ,” ಎಂದಳು ಹಿಂದೆ ಕೂತಿದ್ದ ಮುದುಕಿ. ಟಂಟಂ ತುಂಬ ನಗೆ.

ಅವಳ ಗಂಡ, ನಮ್ಮ ಕಾಕಾ, ತೀರಿಕೊಂಡ ಮೇಲೆ ಚಿಗವ್ವ ಹೂವಿನ ಸೀರೆ ಉಟ್ಟಿಲ್ಲ. ಉಡಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿದ ನೆನಪಿಲ್ಲ. ಎಲ್ಲರಿಗೂ ಗೊತ್ತಿತ್ತು, ಅಷ್ಟೆ. ಅಂಗಿ ಗಂಡಸರ ಬಟ್ಟೆ, ಅದಕ್ಕೆ ಯಾವ ಕಟ್ಟಳೆಯೂ ಇರಲಿಲ್ಲ.

ಟಂಟಂ ಹೊರಟಿತು. ಅಂಗಿ ಗಾಳಿಗೆ ಉಬ್ಬಿತು, ಮಂಜಿನಲ್ಲಿ ಬರೀ ಹೂಗಳು ತೇಲಿ ಹೋಗುತ್ತಿರುವಂತೆ ಕಂಡಿತು. ನಾನು ಪಕ್ಕದಲ್ಲೇ ಸ್ವಲ್ಪ ದೂರ ಓಡುತ್ತ ಕೂಗಿ ಕೇಳಿದೆ:

“ಚಿಗವ್ವಾ, ಅಂಗಿ ಮ್ಯಾಲಿನ ಹೂವು ನಡೀತಾವಂದ್ರ, ಸೀರಿ ಮ್ಯಾಲಿನವು ಯಾಕ ಬ್ಯಾಡ?”