ಮಡುವಿಗೆ ಮರಳಿ ಸುರಿದ ಮೀನು

ನಿಲಂಗಾ ಕಡೆಯ ನಮ್ಮೂರಿನಲ್ಲಿ ಮಹಾದೇವರ ಗುಡಿಯ ಕೆಳಗೆ ನದಿ ಮಡುವಾಗಿ ನಿಲ್ಲುತ್ತದೆ. ಅಲ್ಲಿಯ ಮೀನು ದೇವರ ಮೀನು, ಯಾರೂ ಬಲೆ ಹಾಕುವಂತಿಲ್ಲ. ಪ್ರತಿ ಸೋಮವಾರ ಅವಕ್ಕೆ ಹಿಟ್ಟಿನ ಉಂಡಿ ಹಾಕುವ ಪಾಳಿ ನಮ್ಮ ಮನೆಯದು. ಲಿಂಗ ಕಟ್ಟಿದ ಒಕ್ಕಲು ಮಂದಿ ನಾವು. ಮೀನು ತಿನ್ನುವುದಿರಲಿ, ಮುಟ್ಟಿದವರೂ ಅಲ್ಲ.

ಹೋದ ವರ್ಷ ಕಬ್ಬು ನುರಿಸುವ ಹಂಗಾಮಿನಲ್ಲಿ ಮಡುವಿನ ನೀರು ಚಹದ ಬಣ್ಣಕ್ಕೆ ತಿರುಗಿತು. ಕೊಳೆತ ಬೆಲ್ಲದ ನಾತ. ಮೇಲಿನ ಸಕ್ಕರೆ ಕಾರ್ಖಾನೆಯ ಹೊಲಸು ವರ್ಷವೂ ಬರುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ಸೋಮವಾರ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ನಿಂತವು. ಪಾಪ, ಹಸಿದಿವೆ ಎಂದು ಇನ್ನೊಂದು ಪುಟ್ಟಿ ಉಂಡಿ ಸುರಿದೆವು. ಎಂಥ ಹುಂಬರು ನಾವು! ಅವು ಉಸಿರಿಗಾಗಿ ಬಾಯಿ ಬಿಡುತ್ತಿದ್ದವು.

ಮರುದಿನ ಮುಂಜಾನೆ ದಂಡೆ ತುಂಬ ಸತ್ತ ಮೀನು. ಮೈಮೇಲೆ ಕೆಂಪು ಹುಣ್ಣು, ಬಾಲ ಕೊಳೆತು ಎಳೆ ಎಳೆ. ಊರಿನ ಮೀನು ಹಿಡಿಯುವವನು ಬಲೆ ಎಳೆಯುತ್ತ ನೀರಿನಿಂದ ಮೇಲೆ ಬರುತ್ತಿದ್ದ. ದಂಡೆಯ ಮೇಲೆ ಅವನ ಡ್ರಮ್ಮು, ಅದರೊಳಗೆ ದೇವರ ಮೀನು. ನನ್ನ ತಲೆಗೆ ಬೆಂಕಿ ಹತ್ತಿತು.

"ವಿಷಾ ಹಾಕಿ ಮೀನ ಹೊಡದಿ ಏನ್ಲೇ, ಭಾಡ್ಕಾವ್!"

"ಥಾಂಬಾ, ನಿಲ್ರೀ ಮಾಲಕ್ರ! ಇವು ಇನ್ನಾ ಜೀವಂತ..."

ಮಾತು ಮುಗಿಸಲು ಬಿಡಲಿಲ್ಲ. ನಿಂತ ಬಂಡಿಯ ಗೂಟ ಕಿತ್ತು ಬೆನ್ನಿಗೆ ಹೊಡೆದೆ. ಎರಡನೆಯ ಪೆಟ್ಟಿಗೆ ಅವನು ಬಲಗೈ ಅಡ್ಡ ತಂದ. ಲಟಕ್ಕೆಂದಿತು. ಬಿದ್ದವನನ್ನು ಓಡಿಬಂದ ಮಂದಿ ಒದ್ದರು, ಬಾಯಿಂದ ರಕ್ತ ಬಂತು, ಆದರೂ ಒದ್ದರು. ಸುಳ್ಳೇಕೆ ಹೇಳಲಿ, ಹೊಡೆಯುವಾಗ ನನಗೆ ಹಿತವಾಗಿತ್ತು.

"ದೇವ್ರದು ದೇವ್ರಿಗಿ!" ಎಂದು ಕೂಗಿ ನಾನೇ ಡ್ರಮ್ಮು ಎತ್ತಿ ಮೀನೆಲ್ಲ ಮಡುವಿಗೆ ಸುರಿದೆ. ಮಂದಿ "ಹರ ಹರ ಮಹಾದೇವ" ಎಂದರು.

ಅವನು ಕೆಸರಿನಲ್ಲಿ ತೆವಳಿ ನೀರಿನ ಅಂಚಿಗೆ ಹೋದ.

"ಬಾವಿ ನೀರ ತುಂಬಿದ್ದೆರೀ ಡ್ರಮ್ಮಿನ್ಯಾಗ. ಉಳದವು ಬಾವಿಗಿ ಬಿಡಾಂವ ಇದ್ದೆ." ಎಡಗೈಯಿಂದ ಸತ್ತ ಮೀನೊಂದರ ಕಿವಿರು ಎತ್ತಿ ತೋರಿಸಿದ. ಕೆಂಪಗಿರಬೇಕಾದದ್ದು ಕಪ್ಪಾಗಿ ಲೋಳೆ ಕಟ್ಟಿತ್ತು. "ನಾ ಏನೂ ಹಾಕಿಲ್ರೀ. ನೀರೇ ವಿಷಾ ಆಗ್ಯಾದ."

ನಾನು ಸುರಿದ ಮೀನು ಒಂದೊಂದೇ ಮಗ್ಗುಲಾಗತೊಡಗಿದವು. ಶಿವನೇ, ಏನು ಮಾಡಿಬಿಟ್ಟೆ! ನೀರಿಗೆ ಹಾರಿದೆ. ಹಿಡಿಯಲು ಹೋದರೆ ಜಾರಿದವು, ಮತ್ತೆ ಹಿಡಿದೆ, ಮತ್ತೆ ಜಾರಿದವು.

"ಹ್ಯಾಂಗ ಹಿಡೀಬೇಕೋ? ಬಲಿ ಹ್ಯಾಂಗ ಬೀಸಬೇಕೋ? ಲಗೂ ಬಾರೋ!" ಎಂದು ಅವನ ಮೇಲೆಯೇ ಚೀರಿದೆ.

ಅವನು ಮುರಿದ ಕೈಯನ್ನು ಎದೆಗೆ ಅವಚಿಕೊಂಡು ನನ್ನ ಮುಖ ನೋಡಿದ.

"ಬಲಿಗಿ ಎರಡೂ ಕೈ ಬೇಕ್ರೀ, ಮಾಲಕ್ರ."